ರಾಹುತ ದೇಸರಾಜೇ ಅರಸರು

ನಮ್ಮ ಊರುಗಳ ವೀರಗಲ್ಲುಗಳಲ್ಲಿ ಕುದುರೆಯೇರಿದ ವೀರರನ್ನು ಇಂದಿಗೂ ಕಾಣುತ್ತೇವೆ. ಹಾಗೆ ಕುದುರೆಯೇರಿ ರಣರಂಗಕ್ಕೆ ಹೋದ ಕನ್ನಡಿಗರ ಕೊನೆಯ ಪೀಳಿಗೆಗೆ ಸೇರಿದವರು ಕರ್ನಲ್ ದೇಸರಾಜೇ ಅರಸರು.

ಅವರು ಮೈಸೂರು ಸಂಸ್ಥಾನದ ಸೇನೆಯ ಹಿರಿಯ ಅಧಿಕಾರಿಗಳು. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿಯವರ ಪತಿ. ಅಂದು ಕ್ಷಯರೋಗಕ್ಕೆ ತಕ್ಕ ಔಷಧಿ ಇರಲಿಲ್ಲ. ಶುದ್ಧವಾದ ಗಾಳಿ, ಪುಷ್ಟಿಕರವಾದ ಆಹಾರ, ವಿಶ್ರಾಂತಿ - ಇವಿಷ್ಟೇ ಚಿಕಿತ್ಸೆ. ಅರಮನೆಯ ಐಶ್ವರ್ಯವೂ ಆ ರೋಗವನ್ನು ತಡೆಯಲಾರದೆ ಹೋಯಿತು. 1913ರ ವೇಳೆಗೆ ಅರಸರು ಮಡದಿಯನ್ನೂ ಹೆಣ್ಣುಮಕ್ಕಳನ್ನೂ ಕಳೆದುಕೊಂಡರು.

ಮರುವರ್ಷವೇ ಮೊದಲನೆಯ ಮಹಾಯುದ್ಧ ಆರಂಭವಾಯಿತು. ದುಃಖವನ್ನು ನುಂಗಿಕೊಂಡು ಅರಸರು ಮೈಸೂರಿನ ಅಶ್ವದಳದೊಡನೆ ಈಜಿಪ್ಟಿಗೆ ತೆರಳಿದರು. ಮರುಭೂಮಿಯಲ್ಲಿ ಕುದುರೆಯೇ ರಾಹುತನ ಪ್ರಾಣ. ತಾನು ಬಾಯಾರಿದ್ದರೂ ಮೊದಲು ಅದಕ್ಕೆ ನೀರು ಕುಡಿಸಿ, ಮೈಯುಜ್ಜಿ, ಗೊರಸು ನೋಡಿದ ಮೇಲೆಯೇ ಅವನ ಊಟ. ಹೀಗೆ ನಾಲ್ಕು ವರ್ಷ ದುಡಿದ ಆ ದಳವು 1918ರ ಸೆಪ್ಟೆಂಬರ್ 23ರಂದು ಜೋಧಪುರದ ರಾಹುತರೊಡಗೂಡಿ ಪ್ಯಾಲೆಸ್ಟೈನಿನ ಹೈಫಾ ನಗರವನ್ನು ಗೆದ್ದಿತು. ಮೈಸೂರಿನವರು ಕಾರ್ಮೆಲ್ ಬೆಟ್ಟವನ್ನೇರಿ ಶತ್ರುಗಳ ಫಿರಂಗಿಗಳನ್ನು ವಶಪಡಿಸಿಕೊಂಡರು.

ಹೈದರಾಬಾದು, ಜೋಧಪುರ, ಮೈಸೂರುಗಳ ಆ ರಾಹುತರ ನೆನಪಿಗೆ ದೆಹಲಿಯ ತೀನ್ ಮೂರ್ತಿಯಲ್ಲಿ ಮೂರು ಪ್ರತಿಮೆಗಳು ನಿಂತಿವೆ. ಮೈಸೂರಿನಲ್ಲಿ ಇನ್ನೊಂದು ಸ್ಮಾರಕವಿದೆ. ಅದು 1921ರಲ್ಲಿ ಆರಂಭವಾದ, ಕೃಷ್ಣಾಜಮ್ಮಣ್ಣಿಯವರ ಹೆಸರನ್ನು ಹೊತ್ತ ಕ್ಷಯರೋಗದ ಆಸ್ಪತ್ರೆ. ಒಂದು, ರಣದಲ್ಲಿ ಗೆದ್ದವರ ನೆನಪು; ಇನ್ನೊಂದು, ಮನೆಯಲ್ಲಿ ಕಳೆದುಕೊಂಡವರ ನೆನಪು. ರಾಜಕುಮಾರಿಗೆ ದಕ್ಕದ ಆರೋಗ್ಯವು ಅಲ್ಲಿ ಬಡವರ ಮನೆಯ ಅನೇಕರಿಗೆ ದಕ್ಕಿತು.