ತೂತು ಕೊರೆಯುವ ಮುನ್ನ: ಕರಾವಳಿಯ ಕಿರು ಎಸ್‌ಯುವಿಗೆ ಕೆಲವು ಸೂತ್ರಗಳು

ಹೊಸ ಕಾರಿನ ಕೀಲಿಗಿಂತ ಮೊದಲು ಕೈಗೆ ಬರುವುದು ಆಕ್ಸೆಸರಿಗಳ ಪಟ್ಟಿ. ಬ್ರೆಝಾ, ನೆಕ್ಸಾನ್, ವೆನ್ಯೂ, ಸೋನೆಟ್ ಎಂದು ನಾಲ್ಕು ಮೀಟರಿನೊಳಗಿನ ಯಾವ ಗಾಡಿ ಕೊಂಡರೂ ಅಷ್ಟೇ. ಉಡುಪಿ ಜಿಲ್ಲೆಯಲ್ಲಿ ಇಂಥ ಗಾಡಿ ಮಾಡುವ ಕೆಲಸ ಒಂದೆರಡಲ್ಲ. ಬೆಳಿಗ್ಗೆ ಮಲ್ಪೆಯಿಂದ ಮೀನು ತರಬೇಕು, ಹಗಲು ಮಣಿಪಾಲದ ಬಿಸಿಲಲ್ಲಿ ನಿಲ್ಲಬೇಕು, ವಾರದ ಕೊನೆಗೆ ಕಾಪು ಕಡಲ ಬದಿಗೆ ಹೋಗಬೇಕು, ರಜೆಯಲ್ಲಿ ಆಗುಂಬೆ ಹತ್ತಬೇಕು. ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಘಟ್ಟದ ತಿರುವು ಮೂರನ್ನೂ ಕಾಣುವ ಗಾಡಿಗೆ ಬೆಂಗಳೂರಿನವರ ಪಟ್ಟಿ ಹೊಂದುವುದಿಲ್ಲ. ಕಂಪನಿಯೇ ಬಿಟ್ಟ ಜಾಗದಲ್ಲಿ ಕೂರುವುದನ್ನು ಧೈರ್ಯವಾಗಿ ಹಾಕಿಸಿ. ತಗಡು ಕೊರೆದು, ವೈರು ಕತ್ತರಿಸಿ ಕೂರಿಸುವುದನ್ನು ಬೇಡ ಎನ್ನಿ. ಮುಂದಿನ ಎಲ್ಲ ಸೂತ್ರಗಳೂ ಇದರಿಂದಲೇ ಹುಟ್ಟಿದವು.

1. ಟ್ರೈಲರ್ ಕೊಕ್ಕೆಯ ಬಗ್ಗೆ ಕೈಪಿಡಿಯನ್ನು ಕೇಳಿ, ಅಂಗಡಿಯನ್ನಲ್ಲ

ಗಾಡಿಯ ಜೊತೆ ಕೊಟ್ಟ ಕೈಪಿಡಿಯಲ್ಲಿ ಟ್ರೈಲರ್ ಎಳೆಯುವ ಬಗ್ಗೆ ಒಂದು ಪುಟ ಇರುತ್ತದೆ. ನಮ್ಮಲ್ಲಿ ಮಾರಾಟವಾಗುವ ಹಲವು ಕಿರು ಎಸ್‌ಯುವಿಗಳ ಕೈಪಿಡಿಯಲ್ಲಿ ‘ಈ ವಾಹನದಿಂದ ಟ್ರೈಲರ್ ಎಳೆಯುವುದು ಬೇಡ’ ಎಂಬ ಅರ್ಥದ ಮಾತೇ ಇದೆ. ಹಾಗಿದ್ದರೆ ಅಲ್ಲಿಗೆ ಮುಗಿಯಿತು. ಇಂಜಿನ್ನಿನ ಟಾರ್ಕ್ ನೋಡಿ ಮನಸ್ಸು ಬದಲಿಸಬೇಡಿ. ಎಕ್ಸ್‌ಯುವಿ 3ಎಕ್ಸ್‌ಒ ಡೀಸೆಲ್‌ಗೆ 300 ಎನ್‌ಎಂ ಟಾರ್ಕ್ ಇದೆ, ಎಳೆಯುವ ಶಕ್ತಿಗೆ ಕೊರತೆಯಿಲ್ಲ. ಆದರೆ ಪ್ರಶ್ನೆ ಇಂಜಿನ್ನಿನದಲ್ಲ, ಹಿಂಬದಿಯ ತಗಡಿನದು, ಬ್ರೇಕಿನದು, ಕ್ಲಚ್ಚಿನದು. ಈ ಗಾಡಿಗಳಿಗೆ ಬೊಲೆರೋದಂತೆ ಪ್ರತ್ಯೇಕ ಚಾಸಿ ಇರುವುದಿಲ್ಲ. ಬಾಡಿಯೇ ಚಾಸಿ. ಡಿಕ್ಕಿಯ ನೆಲದ ತೆಳು ತಗಡಿಗೆ ನಾಲ್ಕು ಬೋಲ್ಟು ಬಿಗಿದ ಕೊಕ್ಕೆ ನೋಡಲು ಗಟ್ಟಿಯಾಗಿ ಕಾಣುತ್ತದೆ, ಭಾರ ಬಿದ್ದಾಗ ತಗಡನ್ನು ಹರಿಯುತ್ತದೆ. ಹಿಂದಿನಿಂದ ಯಾರಾದರೂ ಗುದ್ದಿದರೆ, ನಜ್ಜುಗುಜ್ಜಾಗಿ ಪೆಟ್ಟನ್ನು ನುಂಗಬೇಕಾದ ಭಾಗವನ್ನು ದಾಟಿಸಿ ಪೆಟ್ಟನ್ನು ನೇರ ಒಳಕ್ಕೆ ಒಯ್ಯುತ್ತದೆ.

2. ಬಂಪರಿನ ಕೊಕ್ಕೆಯಿಂದ ಟ್ರೈಲರ್ ಎಳೆಯಬೇಡಿ

ಜ್ಯಾಕಿನ ಜೊತೆ ಇರುವ ತಿರುಪಿನ ಕೊಕ್ಕೆ, ಕೆಟ್ಟು ನಿಂತ ಅಥವಾ ಹೊಯಿಗೆಯಲ್ಲಿ ಹೂತ ಗಾಡಿಯನ್ನು ಹೊರಗೆಳೆಯಲು ಮಾತ್ರ. ಕಾಪು, ಪಡುಕರೆಯ ಹೊಯಿಗೆಯಲ್ಲಿ ಅದೇ ಸಾಕು. ಜೊತೆಗೆ ಒಂದು ಒಳ್ಳೆಯ ನೈಲಾನ್ ಪಟ್ಟಿ, ಎರಡು ಶ್ಯಾಕಲ್ ಇಟ್ಟುಕೊಳ್ಳಿ. ಕೊಂಡ ದಿನವೇ ಆ ತಿರುಪನ್ನು ಒಮ್ಮೆ ಹಾಕಿ ತೆಗೆದು, ಗ್ರೀಸ್ ಸವರಿ ಇಡಿ. ತುಕ್ಕು ಹಿಡಿದ ಕೊಕ್ಕೆ ಅರ್ಧ ತಿರುಗಿ ನಿಂತುಬಿಟ್ಟರೆ ಎಳೆಯುವಾಗ ಮುರಿದು ಹಾರುತ್ತದೆ.

3. ಟ್ರೈಲರಿಗೂ ಸ್ವಂತ ನಂಬರು ಬೇಕು

ಮೋಟಾರು ವಾಹನ ಕಾಯ್ದೆ 1988ರ ಕಲಂ 2(28) ಟ್ರೈಲರನ್ನೂ ಮೋಟಾರು ವಾಹನವೆಂದೇ ಎಣಿಸುತ್ತದೆ. ಅಂದರೆ ಅದಕ್ಕೆ ಬೇರೆ ನೋಂದಣಿ, ಬೇರೆ ನಂಬರು ಫಲಕ, ಹಿಂಬದಿ ದೀಪ, ವಿಮೆ ಎಲ್ಲವೂ ಬೇಕು. ಕಾರ್ಕಳದ ಕಡೆ ಪವರ್ ಟಿಲ್ಲರಿಗೆಂದು ವೆಲ್ಡಿಂಗ್ ಷಾಪಿನಲ್ಲಿ ಮಾಡಿಸಿದ ಟ್ರೈಲರುಗಳು ಗದ್ದೆಗೆ ಸರಿ. ಅದನ್ನೇ ಕಾರಿನ ಹಿಂದೆ ಕಟ್ಟಿ ರಾಷ್ಟ್ರೀಯ ಹೆದ್ದಾರಿ 66ಕ್ಕೆ ಇಳಿಸಬೇಡಿ. ಅದರ ಅಚ್ಚು, ಬೇರಿಂಗು, ಟಯರು ಟಿಲ್ಲರಿನ ನಡಿಗೆಗೆ ಮಾಡಿದ್ದು. ದೋಣಿಗೋ ಬೈಕಿಗೋ ಟ್ರೈಲರ್ ನಿಜಕ್ಕೂ ಬೇಕೆಂದಾದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಆಮೇಲೆ ದುಡ್ಡು ಹಾಕಿ.

4. ಕೈಪಿಡಿ ಒಪ್ಪಿದರೂ ಘಟ್ಟ ಒಪ್ಪಬೇಕು

ಟ್ರೈಲರಿನ ಒಟ್ಟು ತೂಕದ ಸುಮಾರು ಶೇ. 10ರಷ್ಟು ಕೊಕ್ಕೆಯ ಗುಂಡಿನ ಮೇಲೆ ಕೂರಬೇಕು. 300 ಕಿಲೋದ ಟ್ರೈಲರಿಗೆ 30 ಕಿಲೋ. ಅದಕ್ಕಿಂತ ತೀರ ಕಡಿಮೆಯಾದರೆ ಟ್ರೈಲರ್ ಬಾಲ ಆಡಿಸುತ್ತದೆ. ಹೆಚ್ಚಾದರೆ ಕಾರಿನ ಹಿಂಬದಿ ಕುಗ್ಗಿ ಮೂತಿ ಮೇಲೇಳುತ್ತದೆ. ನಮ್ಮ ಕಿರು ಎಸ್‌ಯುವಿಗಳು ಎಳೆಯುವುದು ಮುಂದಿನ ಚಕ್ರಗಳಿಂದ. ಮೂತಿ ಹಗುರಾದಷ್ಟೂ ಮಳೆಯ ಏರಿನಲ್ಲಿ ಆ ಚಕ್ರಗಳು ಹಿಡಿತ ಬಿಡುತ್ತವೆ. ಸೋಮೇಶ್ವರದಿಂದ ಆಗುಂಬೆಗೆ 14 ಹೇರ್‌ಪಿನ್ ತಿರುವುಗಳಿವೆ. ಇಳಿಯುವಾಗಿನ ಅಪಾಯ ಇನ್ನೂ ದೊಡ್ಡದು. ಸ್ವಂತ ಬ್ರೇಕಿಲ್ಲದ ಟ್ರೈಲರ್ ತಿರುವಿನ ನಡುವೆ ಕಾರನ್ನು ಹಿಂದಿನಿಂದ ತಳ್ಳುತ್ತದೆ. ಡ್ಯುಯಲ್ ಕ್ಲಚ್ ಗೇರಿನ ಗಾಡಿಗಳು ಭಾರ ಹೊತ್ತು ನಿಧಾನ ಏರುವಾಗ ಬಿಸಿಯಾಗಿ ಎಚ್ಚರಿಕೆ ದೀಪ ತೋರಿಸುತ್ತವೆ. ಆಗ ಬದಿಗೆ ನಿಲ್ಲಿಸಿ ತಣಿಸಬೇಕು, ಘಟ್ಟದಲ್ಲಿ ಹಾಗೆ ನಿಲ್ಲಲು ಜಾಗ ಎಲ್ಲಿದೆ?

ಗುಂಡಿನ ಅಳತೆಯಲ್ಲೂ ಜಾಗ್ರತೆ ಬೇಕು. ಯುರೋಪಿನದು 50 ಮಿ.ಮೀ., ಅಮೆರಿಕದ್ದು ಎರಡು ಇಂಚು, ಅಂದರೆ 50.8. ಕಣ್ಣಿಗೆ ಒಂದೇ ಆಗಿ ಕಾಣುತ್ತವೆ. ಒಂದರ ಬಟ್ಟಲನ್ನು ಇನ್ನೊಂದರ ಗುಂಡಿಗೆ ಹಾಕಿದರೆ ಸಡಿಲ, ಇಲ್ಲವೇ ಬಿಗಿ.

5. ವರ್ಷಕ್ಕೆ ನಾಲ್ಕು ಸಲದ ಕೆಲಸಕ್ಕೆ ಬಾಡಿಗೆ ಗಾಡಿ ಕರೆಯಿರಿ

ಗೊಬ್ಬರ, ಅಡಿಕೆ ಮೂಟೆ, ಮನೆ ಸಾಮಾನು ಸಾಗಿಸಲು ಟಾಟಾ ಏಸ್‌ನಂಥ ಗಾಡಿ ಪ್ರತಿ ಪೇಟೆಯ ಸ್ಟ್ಯಾಂಡಿನಲ್ಲೂ ಸಿಗುತ್ತದೆ. ಟ್ರೈಲರ್, ಕೊಕ್ಕೆ, ನೋಂದಣಿ, ಅದನ್ನು ನಿಲ್ಲಿಸಲು ಷೆಡ್ಡು ಎಂದೆಲ್ಲ ಕೂಡಿಸಿದರೆ ಹೆಚ್ಚಿನ ಮನೆಗಳಿಗೆ ಬಾಡಿಗೆಯೇ ಲಾಭ. ಇದು ನನ್ನ ಗಟ್ಟಿ ಅಭಿಪ್ರಾಯ.

6. ಮುಂದೆ ಉಕ್ಕಿನ ಗಾರ್ಡ್ ಬೇಡವೇ ಬೇಡ

ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ಇಂಥ ಗಾರ್ಡ್‌ಗಳ ವಿರುದ್ಧ ರಾಜ್ಯಗಳಿಗೆ ಬರೆದಿದೆ. ಏರ್‌ಬ್ಯಾಗಿನ ಸೆನ್ಸರು ಡಿಕ್ಕಿಯ ಜೋರನ್ನು ಅಳೆದು ನಿರ್ಧಾರ ಮಾಡುವಂಥದ್ದು, ಗಾರ್ಡ್ ಆ ಲೆಕ್ಕವನ್ನೇ ಕೆಡಿಸುತ್ತದೆ. ರಸ್ತೆ ದಾಟುವ ಮಗುವಿಗೋ ಅಜ್ಜಿಗೋ ತಾಗಿದರೆ ಪ್ಲಾಸ್ಟಿಕ್ ಬಂಪರಿಗೂ ಉಕ್ಕಿನ ಕೊಳವೆಗೂ ಇರುವ ವ್ಯತ್ಯಾಸ ಜೀವದ್ದು. ಒಪ್ಪಿಗೆಯಿಲ್ಲದ ಮಾರ್ಪಾಡಿಗೆ 2019ರ ತಿದ್ದುಪಡಿಯ ಪ್ರಕಾರ ಮಾಲೀಕರಿಗೆ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ, ಅಥವಾ ಎರಡೂ ಆಗಬಹುದು.

7. ಛಾವಣಿಯ ಮೇಲೆ ಹಗುರವಾದದ್ದು ಮಾತ್ರ

ಮೂಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ 2004ರಲ್ಲಿ ಶುರುವಾದ ಮೇಲೆ ನಮ್ಮ ಕರಾವಳಿಯಲ್ಲೂ ಸರ್ಫ್ ಹಲಗೆ ಹೊತ್ತ ಕಾರುಗಳು ಕಾಣಿಸತೊಡಗಿದವು. ಸಾಲಿಗ್ರಾಮದ ಹಿನ್ನೀರಿನಲ್ಲಿ ಕಯಾಕ್ ಕೂಡ ಬಂತು. ಇಂಥವಕ್ಕೆ ಛಾವಣಿಯೇ ಸರಿಯಾದ ಜಾಗ, ಟ್ರೈಲರ್ ಬೇಕಿಲ್ಲ. ಆದರೆ ಕೆಲವು ಮಾಡೆಲ್‌ಗಳ ರೂಫ್ ರೇಲ್ ಬರೀ ಅಂದಕ್ಕೆ ಅಂಟಿಸಿದ್ದು, ಭಾರಕ್ಕಲ್ಲ. ಕೈಪಿಡಿಯಲ್ಲಿ ಛಾವಣಿಯ ಮಿತಿ ನೋಡಿ. ಕ್ಯಾರಿಯರಿನ ತೂಕವೂ ಆ ಮಿತಿಯೊಳಗೇ ಬರಬೇಕು. ಹಲಗೆಗೆ ಭಾರವಿಲ್ಲ, ಗಾಳಿ ಇದೆ. ವೇಗ 60ರಿಂದ 80ಕ್ಕೆ ಏರಿದರೆ ಗಾಳಿಯ ಒತ್ತಡ ಮುಕ್ಕಾಲು ಪಾಲಿಗಿಂತಲೂ ಹೆಚ್ಚುತ್ತದೆ. ನಡುವೆ ಎರಡು ಪಟ್ಟಿ ಬಿಗಿದರೆ ಸಾಲದು, ಮೂತಿಯಿಂದ ಬಾನೆಟ್ಟಿನ ಕೆಳಗಿನ ಕೊಕ್ಕೆಗೂ ಒಂದು ಹಗ್ಗ ಬೇಕು. ಸೈಕಲ್ ರ್‍ಯಾಕನ್ನು ಹಿಂಬಾಗಿಲಿಗೆ ಕಟ್ಟುವವರು ನಂಬರು ಫಲಕ, ಬ್ರೇಕ್ ದೀಪ ಮುಚ್ಚಿಹೋಗದಂತೆ ನೋಡಿಕೊಳ್ಳಿ.

8. ದೀಪಕ್ಕೆ ರಿಲೇ, ವೈರಿಗೆ ಕಪ್ಲರ್

ಲೆಕ್ಕ ಸುಲಭ. ಕಂಪನಿಯ 60 ವ್ಯಾಟಿನ ಎರಡು ಬಲ್ಬು 12 ವೋಲ್ಟಿನಲ್ಲಿ 10 ಆಂಪಿಯರ್ ಎಳೆಯುತ್ತವೆ. ಅದೇ ಜಾಗಕ್ಕೆ 100 ವ್ಯಾಟಿನವು ಹಾಕಿದರೆ 16 ದಾಟುತ್ತದೆ. ವೈರೂ ಹೋಲ್ಡರೂ ಹಳೆಯವೇ. ಅವು ಕರಗುತ್ತವೆ. ಆಗುಂಬೆಯ ಮಂಜಿನಲ್ಲಿ ಹೈಬೀಮ್ ಎದುರಿಗೆ ಬಿಳಿ ಗೋಡೆ ಕಟ್ಟುತ್ತದೆ. ಕೆಳಗೆ ಕೂರುವ ಒಂದು ಜೊತೆ ಹಳದಿ ಫಾಗ್ ಲ್ಯಾಂಪ್, ಅದಕ್ಕೆ ಸ್ವಂತ ರಿಲೇ ಮತ್ತು ಫ್ಯೂಸ್ ಇದ್ದರೆ ಸಾಕು. ಕಣ್ಣು ಕೋರೈಸುವ ಎಲ್‌ಇಡಿಗಳ ಮೇಲೆ ರಾಜ್ಯದ ಪೊಲೀಸರು 2024ರಲ್ಲಿ ವಿಶೇಷ ಕಾರ್ಯಾಚರಣೆಯನ್ನೇ ನಡೆಸಿದರು, ಅದು ಸರಿಯಾದ ಕೆಲಸ. ಕ್ಯಾಮೆರಾ, ಫಾಗ್ ಲ್ಯಾಂಪ್, ಸ್ಟೀರಿಯೋ ಏನೇ ಇರಲಿ, ವೈರು ಸುಲಿದು ಟೇಪು ಸುತ್ತಲು ಬಿಡಬೇಡಿ, ಕಪ್ಲರ್ ಹಾಕಿಯೇ ಜೋಡಿಸಲಿ. ನಮ್ಮ ಉಪ್ಪುಗಾಳಿಯಲ್ಲಿ ಸುಲಿದ ತಾಮ್ರ ಬೇಗ ಹಸಿರುಗಟ್ಟುತ್ತದೆ. ಮೇಲಾಗಿ ವೈರು ಕತ್ತರಿಸಿದ್ದು ಕಂಡರೆ ಕಂಪನಿ ಆ ಭಾಗದ ವಾರಂಟಿಗೆ ತಕರಾರು ತೆಗೆಯುತ್ತದೆ.

9. ಪ್ರತಿ ತೂತಿಗೂ ಸತುವಿನ ಪ್ರೈಮರ್

ಕರಾವಳಿಯವರು ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಇಲ್ಲಿ. ಕಾರ್ಖಾನೆಯಲ್ಲಿ ಇಡೀ ಬಾಡಿಯನ್ನು ತುಕ್ಕುನಿರೋಧಕ ಬಣ್ಣದ ತೊಟ್ಟಿಯಲ್ಲಿ ಅದ್ದಿ ತೆಗೆಯುತ್ತಾರೆ. ಡ್ರಿಲ್ ಹಾಕಿದ ಕಡೆ ಆ ಪದರ ಹರಿದು ಬರೀ ಕಬ್ಬಿಣ ಉಳಿಯುತ್ತದೆ. ಮಡ್‌ಫ್ಲ್ಯಾಪಿನ ಒಂದು ಸ್ಕ್ರೂ ಸಾಕು, ಮಳೆಗಾಲಗಳು ಕಳೆದ ಹಾಗೆ ಚಕ್ರದ ಕಮಾನಿನ ಅಂಚು ಉಬ್ಬಿ ಬಣ್ಣ ಏಳುತ್ತದೆ. ಕೊರೆಯದೆ ಆಗದು ಎಂದಾದರೆ ಎದುರಿಗೇ ನಿಂತು ಮಾಡಿಸಿ. ತೂತಿನ ಅಂಚು ಉಜ್ಜಬೇಕು, ಸತುವಿನ ಪ್ರೈಮರ್ ಹಚ್ಚಬೇಕು, ಒಣಗಿದ ಮೇಲೆಯೇ ರಬ್ಬರ್ ವಾಷರ್ ಇಟ್ಟು ಬಿಗಿಯಬೇಕು. ಅಲ್ಯೂಮಿನಿಯಂ ಫುಟ್‌ಬೋರ್ಡಿಗೆ ಸ್ಟೀಲ್ ಬೋಲ್ಟು ನೇರ ತಾಗಿದರೆ ಉಪ್ಪುನೀರಿನಲ್ಲಿ ಅಲ್ಯೂಮಿನಿಯಂ ಪುಡಿಯಾಗುತ್ತದೆ. ನಡುವೆ ನೈಲಾನ್ ವಾಷರ್ ಇರಲಿ.

ಅಡಿಭಾಗದ ರಬ್ಬರ್ ಕೋಟಿಂಗ್ ಮಾಡಿಸುವುದಾದರೆ ಮಾರ್ಚ್-ಏಪ್ರಿಲ್‌ನ ಒಣ ಹವೆಯಲ್ಲಿ ಮಾಡಿಸಿ. ಜೂನಿನ ಒದ್ದೆ ಗಾಡಿಗೆ ಹೊಡೆದರೆ ನೀರನ್ನು ಒಳಗಿಟ್ಟು ಬೀಗ ಹಾಕಿದಂತೆ. ಬಾಗಿಲಿನ ತಳದಲ್ಲಿ ನೀರಿಳಿಯುವ ಸಣ್ಣ ಕಂಡಿಗಳಿರುತ್ತವೆ, ಕೋಟಿಂಗ್ ಅವನ್ನು ಮುಚ್ಚಬಾರದು. ಕಾರ್ಕಳ, ಹೆಬ್ರಿ ಕಡೆಯ ಕೆಂಪು ಮಣ್ಣು ಫುಟ್‌ಬೋರ್ಡಿನ ಬ್ರ್ಯಾಕೆಟ್ಟಿನೊಳಗೆ ಮೆತ್ತಿಕೊಂಡು ದಿನಗಟ್ಟಲೆ ಒದ್ದೆ ಹಿಡಿದಿರುತ್ತದೆ, ಪೈಪು ಹಿಡಿದು ಅಲ್ಲಿಗೇ ನೀರು ಬಿಡಿ. ಇನ್ನೊಂದು ಮಾತು ಕಡಲ ಬದಿಯ ಮನೆಯವರಿಗೆ. ಏಪ್ರಿಲ್-ಮೇನಲ್ಲಿ ನಿಮ್ಮ ಬಾವಿ ನೀರು ಉಪ್ಪಾಗುತ್ತಿದ್ದರೆ ಆ ನೀರಿನಲ್ಲಿ ಗಾಡಿಯ ಅಡಿಭಾಗ ತೊಳೆಯಬೇಡಿ.

10. ಮೀನಿಗೆ ಮುಚ್ಚಳದ ಪೆಟ್ಟಿಗೆ

ಇದರ ಖರ್ಚು ತೀರ ಕಡಿಮೆ, ಪ್ರಯೋಜನ ತುಂಬ ದೊಡ್ಡದು. ಮಲ್ಪೆಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಬೂತಾಯಿ, ಬಂಗುಡೆ ತಂದರೆ ಮಂಜುಗಡ್ಡೆ ಕರಗಿದ ನೀರು ಡಿಕ್ಕಿಯ ಕಾರ್ಪೆಟ್ಟಿನಡಿ ಇಳಿದು ಸ್ಟೆಪ್ನಿ ಕೂರುವ ಗುಂಡಿಯಲ್ಲಿ ನಿಲ್ಲುತ್ತದೆ. ವಾಸನೆ ಗೊತ್ತಾಗುತ್ತದೆ, ತುಕ್ಕು ಗೊತ್ತಾಗುವುದಿಲ್ಲ. ಬಿಗಿ ಮುಚ್ಚಳದ ಥರ್ಮೋ ಪೆಟ್ಟಿಗೆ, ಅದರಡಿಗೆ ಅಂಚೆತ್ತರದ ರಬ್ಬರ್ ಬೂಟ್ ಟ್ರೇ ಇದ್ದರೆ ಈ ಚಿಂತೆಯಿಲ್ಲ. ಹೆದ್ದಾರಿಯಲ್ಲಿ ಮೀನಿನ ಲಾರಿಯ ಹಿಂದೆ ಸಾಗಿದ ದಿನವೂ ಮನೆಗೆ ಬಂದು ಅಡಿಭಾಗಕ್ಕೆ ಸಿಹಿನೀರು ಹೊಡೆಯಿರಿ, ಆ ಲಾರಿಯಿಂದ ಸುರಿಯುವುದೂ ಉಪ್ಪುನೀರೇ.

11. ಸೀಟು, ನೆಲ, ಗಾಜು

ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಇದ್ದರೆ ಆ ಕಡೆ ಬಿಚ್ಚಿಕೊಳ್ಳುವ ಹೊಲಿಗೆಯಿರುವ ಕವರನ್ನೇ ಕೊಳ್ಳಿ. ನೆಲಕ್ಕೆ ತೆಗೆದು ತೊಳೆಯಬಹುದಾದ ರಬ್ಬರ್ ಮ್ಯಾಟ್ ಸಾಕು, ನಮ್ಮ ಮಳೆಗೆ ದಪ್ಪ ಲೆದರ್ ಮ್ಯಾಟ್ ಒಣಗುವುದೇ ಇಲ್ಲ. ಮ್ಯಾಟಿನ ಮೇಲೆ ಮ್ಯಾಟ್ ಬೇಡ, ಪೆಡಲಿಗೆ ಸಿಕ್ಕಿಕೊಳ್ಳುತ್ತದೆ. ಕಪ್ಪು ಫಿಲ್ಮಿನ ಬಗ್ಗೆ ಸುಪ್ರೀಂ ಕೋರ್ಟು 2012ರಲ್ಲೇ ಕಟ್ಟುನಿಟ್ಟಾಗಿ ಹೇಳಿದೆ. ನಿಯಮದ ಪ್ರಕಾರ ಹಿಂದು-ಮುಂದಿನ ಗಾಜಿನಲ್ಲಿ ಕನಿಷ್ಠ ಶೇ. 70, ಬದಿಯಲ್ಲಿ ಶೇ. 50 ಬೆಳಕು ಹಾಯಬೇಕು.

12. ಟಯರ್ ದೊಡ್ಡದು ಮಾಡುವವರಿಗೆ

ಹೊರಗಿನ ವ್ಯಾಸ ಹಳೆಯದಕ್ಕಿಂತ ಶೇ. 3ಕ್ಕಿಂತ ಹೆಚ್ಚು ಆಚೀಚೆ ಆಗಬಾರದು. 215/60 ಆರ್16ರ ವ್ಯಾಸ 664 ಮಿ.ಮೀ., 215/55 ಆರ್17ರದ್ದು 668. ಇದು ಸರಿಹೊಂದುತ್ತದೆ. ಅಗಲ ಹೆಚ್ಚಿಸುವ ಚಪಲ ಬೇಡ. ಅದೇ ದುಡ್ಡಿನಲ್ಲಿ ಮಳೆಯಲ್ಲಿ ಹಿಡಿತವಿರುವ ಒಳ್ಳೆಯ ಟಯರು ಬರುತ್ತದೆ.

13. ಇಲಿಗೆ ಜಾಲರಿ

ತೆಂಗಿನ ಮರ, ಕಟ್ಟಿಗೆ ಕೊಟ್ಟಿಗೆ ಪಕ್ಕದಲ್ಲಿರುವ ಮನೆಗಳಲ್ಲಿ ಮಳೆ ಶುರುವಾದೊಡನೆ ಇಲಿ ಬೆಚ್ಚಗಿನ ಇಂಜಿನ್ನಿಗೆ ಬರುತ್ತದೆ. ಎಸಿ ಗಾಳಿ ಒಳಬರುವ ದಾರಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಹಾಕಿಸಿ. ಒಂದು ವೈರಿಂಗ್ ಸೆಟ್ಟಿನ ಬೆಲೆ ಕೇಳಿದವರು ಇದನ್ನು ಮುಂದೂಡುವುದಿಲ್ಲ.

14. ಬಿಲ್ಲು ತೆಗೆದಿಡಿ, ವಿಮೆಗೆ ತಿಳಿಸಿ

ಹೊರಗೆ ಹಾಕಿಸಿದ ವಸ್ತುಗಳನ್ನು ಪಾಲಿಸಿಯಲ್ಲಿ ಬರೆಸದಿದ್ದರೆ ಅಪಘಾತದ ಬಳಿಕ ಅವಕ್ಕೆ ಹಣ ಬರುವುದಿಲ್ಲ. ವಿದ್ಯುತ್ ಉಪಕರಣಗಳಿಗೆ ಸಾಮಾನ್ಯವಾಗಿ ಮೌಲ್ಯದ ಶೇ. 4ರಷ್ಟು ಹೆಚ್ಚುವರಿ ಪ್ರೀಮಿಯಂ ಹಾಕುತ್ತಾರೆ. ನೆರೆನೀರಿಗೆ ಇಳಿಯುವ ರಸ್ತೆ ನಿಮ್ಮದಾಗಿದ್ದರೆ ಇಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಯಾವ ಕ್ರೋಮ್ ಪಟ್ಟಿಗಿಂತಲೂ ಮುಖ್ಯ.

ಈಗಾಗಲೇ ಕೊಕ್ಕೆ, ಗಾರ್ಡ್, ಫುಟ್‌ಬೋರ್ಡ್ ಹಾಕಿಸಿಕೊಂಡವರು ಮುಂದಿನ ಮಳೆಗಾಲಕ್ಕೆ ಮೊದಲು ಗಾಡಿಯನ್ನು ಒಮ್ಮೆ ಗ್ಯಾರೇಜಿನ ರ್‍ಯಾಂಪಿಗೆ ಏರಿಸಿ, ಟಾರ್ಚು ಹಿಡಿದು ನೀವೇ ಕೆಳಗೆ ನೋಡಿ. ಬೋಲ್ಟಿನ ಸುತ್ತ ಕಂದು ಗೆರೆ ಕಂಡರೆ ಬಿಚ್ಚಿಸಿ, ಉಜ್ಜಿಸಿ, ಬಣ್ಣ ಹಚ್ಚಿಸಿ. ಮುಂದಿನ ಗಾರ್ಡನ್ನು ಮಾತ್ರ ಬಿಚ್ಚಿದ ಮೇಲೆ ಮತ್ತೆ ಹಾಕಿಸಬೇಡಿ.