ಮಾಚಿಪತ್ರೆಯ ಕುಂಡ, ಬೇಲಿಯಾಚೆಯ ಬಯಲು

ಮಾಚಿಪತ್ರೆ ಕಿತ್ತ ದಿನ ಮೈಗೆ ಏನೂ ಆಗುವುದಿಲ್ಲ. ಬೆರಳಿಗೆ ಅಂಟಿದ ಘಮ ರಾತ್ರಿಯ ಊಟದ ಹೊತ್ತಿಗೂ ಇರುತ್ತದೆ, ಅಷ್ಟೆ. ಮರುದಿನ ಸಂಜೆಯೋ ಅದರ ಮರುದಿನವೋ ಕಣ್ಣಿನ ರೆಪ್ಪೆ ಊದುತ್ತದೆ, ಕತ್ತಿನ ಸುತ್ತ ಕೆಂಪಗೆ ಗಂದೆ ಏಳುತ್ತವೆ, ಮೊಣಕೈ ಮಡಿಕೆಯಲ್ಲಿ ನಿದ್ದೆಗೆಡಿಸುವ ತುರಿಕೆ. ಅಷ್ಟು ಹೊತ್ತಿಗೆ ಗಿಡದ ನೆನಪೇ ಯಾರಿಗೂ ಇರುವುದಿಲ್ಲ. ಹಿಂದಿನ ರಾತ್ರಿಯ ಬದನೆಕಾಯಿ ಪಲ್ಯ ನಂಜಾಯಿತು ಎನ್ನುತ್ತಾರೆ, ಹೊಸ ಸೋಪನ್ನು ಅನುಮಾನಿಸುತ್ತಾರೆ, ಉಷ್ಣ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಇವೆಲ್ಲ ಒಂದೊಂದು ಕಾಲ ನಡೆದವು. ಬದನೆಕಾಯಿ ಬಿಟ್ಟೆ, ಸೋಪು ಬದಲಾಯಿತು, ಗಂದೆ ಮಾತ್ರ ಹೋಗಿ ಬಂದು ಮಾಡುತ್ತಲೇ ಇದ್ದವು.

ನಾವು ಸಿಕಂದರಾಬಾದಿಗೆ ಬಂದದ್ದು ರೈಲ್ವೆಯ ದೆಸೆಯಿಂದ. 1966ರ ಅಕ್ಟೋಬರ್ 2ರಂದು ದಕ್ಷಿಣ ಮಧ್ಯ ರೈಲ್ವೆ ಹುಟ್ಟಿದಾಗ ಹುಬ್ಬಳ್ಳಿ ವಿಭಾಗವೂ ಅದರೊಳಗೆ ಸೇರಿತು. ನಮ್ಮ ಮಾವನವರು ಆ ವರ್ಗಾವಣೆಯ ಹಾದಿಯಲ್ಲೇ ಇಲ್ಲಿಗೆ ಬಂದರು. 2003ರಲ್ಲಿ ಹುಬ್ಬಳ್ಳಿ ನೈಋತ್ಯ ರೈಲ್ವೆಗೆ ಹೋಯಿತು, ನಾವು ಇಲ್ಲಿಯೇ ಉಳಿದೆವು. ಅತ್ತೆಯವರು ಧಾರವಾಡದ ತವರಿನಿಂದ ತಂದ ಮಾಚಿಪತ್ರೆಯ ಬೇರೂ ಉಳಿಯಿತು. ತುಳಸಿ, ದೊಡ್ಡಪತ್ರೆ, ಗರುಗ, ದವನ, ಸೇವಂತಿಗೆಗಳ ನಡುವೆ ಅದಕ್ಕೊಂದು ದೊಡ್ಡ ಕುಂಡ. ಹೂವಿನ ಮಾಲೆಯ ನಡುವೆ ಕಟ್ಟಲು, ತಲೆನೋವು ಬಂದಾಗ ಹಿಸುಕಿ ಮೂಸಲು, ರೇಷ್ಮೆ ಸೀರೆಗಳ ಪೆಟ್ಟಿಗೆಯಲ್ಲಿಡಲು ಅದೇ ಬೇಕು. ಗಣೇಶ ಚತುರ್ಥಿಯ 21 ಪತ್ರೆಗಳಲ್ಲಿ ಮೊದಲು ಏರುವುದೂ ಅದೇ. ಹಬ್ಬದ ಹಿಂದಿನ ದಿನ ಅಕ್ಕಪಕ್ಕದ ತೆಲುಗು ಮನೆಯವರೂ ಕೇಳಿ ಒಯ್ಯುತ್ತಿದ್ದರು. ಇಂಥ ಗಿಡದ ಮೇಲೆ ಅನುಮಾನ ಬರುವುದಾದರೂ ಹೇಗೆ?

ಅನುಮಾನ ಮೊದಲು ಬಂದದ್ದು ಚರ್ಮದ ಡಾಕ್ಟರಿಗೆ. ಅವರು ನನ್ನ ಮುಖ ನೋಡಿದ ಕ್ರಮ ಇನ್ನೂ ನೆನಪಿದೆ. ಕೆನ್ನೆಯನ್ನು ಬಿಟ್ಟು ಮೇಲಿನ ರೆಪ್ಪೆ ನೋಡಿದರು, ಗದ್ದದ ಅಡಿ ನೋಡಿದರು, ಕಿವಿ ಮಡಚಿ ಹಿಂದೆ ನೋಡಿದರು. ಬಿಸಿಲಿನಿಂದ ಬರುವ ಗಂದೆ ಸಾಮಾನ್ಯವಾಗಿ ಈ ಮೂರು ಜಾಗಗಳನ್ನು ಬಿಟ್ಟುಬಿಡುತ್ತದಂತೆ, ಅಲ್ಲಿ ಬಿಸಿಲು ಬೀಳುವುದಿಲ್ಲವಲ್ಲ. ಗಾಳಿಯಲ್ಲಿ ತೇಲಿ ಬಂದು ಕೂರುವ ಧೂಳಿಗೆ ಆ ಭೇದವಿಲ್ಲ, ಮಡಿಕೆ ಇರುವಲ್ಲೆಲ್ಲ ಹೆಚ್ಚೇ ನಿಲ್ಲುತ್ತದೆ. ನೋಡಿ ಮುಗಿಸಿ ಅವರು ಕೇಳಿದರು: "ನಿಮ್ಮ ಮನೆಯ ಹತ್ತಿರ ಖಾಲಿ ಜಾಗ ಇದೆಯೇನಮ್ಮಾ?"

ಸಿಕಂದರಾಬಾದಿನಲ್ಲಿ ಈ ಪ್ರಶ್ನೆಗೆ ಇಲ್ಲ ಎನ್ನುವವರು ಕಡಿಮೆ. ತಿರುಮಲಗಿರಿ, ಬೊಲಾರಂ ಕಡೆಯ ಕಂಟೋನ್ಮೆಂಟ್ ಬಯಲುಗಳು, ರೈಲು ಹಳಿಯ ಪಕ್ಕದ ಪಟ್ಟಿಗಳು, ವ್ಯಾಜ್ಯದಲ್ಲಿ ಬಿದ್ದಿರುವ ಸೈಟುಗಳು. ಮೊದಲ ಮಳೆಗೆ ಅಲ್ಲೆಲ್ಲ ಕಾಂಗ್ರೆಸ್ ಗಿಡ ಮೊಳಕೆಯೊಡೆಯುತ್ತದೆ, ಬೋನಾಲು ಹಬ್ಬದ ಹೊತ್ತಿಗೆ ಬಿಳಿ ಹೂವು ಚೆಲ್ಲುತ್ತದೆ. ಇಲ್ಲಿನವರಿಗೆ ಅದು ವಯ್ಯಾರಿಭಾಮ, ಪುಸ್ತಕದಲ್ಲಿ ಪಾರ್ಥೇನಿಯಂ. ನಮ್ಮ ಬೇಲಿಯಾಚೆಯೂ ಅಂಥದೊಂದು ಬಯಲಿತ್ತು.

ಡಾಕ್ಟರು ಹೇಳಿದ್ದು ಇಷ್ಟು. ಕಾಂಗ್ರೆಸ್ ಗಿಡದ ಎಲೆ ಕಾಂಡಗಳ ಮೇಲಿನ ಸಣ್ಣ ರೋಮಗಳಲ್ಲಿ ಪಾರ್ಥೆನಿನ್ ಎಂಬ ರಾಸಾಯನಿಕವಿದೆ. ಗಿಡ ಒಣಗಿದ ಮೇಲೂ ಪುಡಿಯಾಗಿ ಗಾಳಿಗೆ ಸೇರುತ್ತದೆ. ವರ್ಷಗಟ್ಟಲೆ ಮೈಗೆ ತಾಗುತ್ತಾ ತಾಗುತ್ತಾ ಕೆಲವರ ದೇಹ ಒಂದು ದಿನ ಅದನ್ನು ಶತ್ರುವೆಂದು ಗುರುತಿಸಿಬಿಡುತ್ತದೆ. ಆಮೇಲೆ ಮರೆಯುವುದಿಲ್ಲ. ಪಾರ್ಥೆನಿನ್ ಸೇರಿದ ಸೆಸ್ಕ್ವಿಟರ್ಪೀನ್ ಲ್ಯಾಕ್ಟೋನುಗಳ ಗುಂಪು ಸೇವಂತಿಗೆಯ ಕುಟುಂಬದ ಬಹಳಷ್ಟು ಗಿಡಗಳಲ್ಲಿದೆ. ಮಾಚಿಪತ್ರೆ ಆ ಕುಟುಂಬದ್ದು. ದವನ, ಗರುಗ, ಚೆಂಡುಹೂವು, ಸೂರ್ಯಕಾಂತಿ ಕೂಡ. ಬಯಲಿನ ಗಿಡದಿಂದ ಕಲಿತ ಹಗೆಯನ್ನು ಚರ್ಮ ಕುಂಡದ ನೆಂಟರ ಮೇಲೂ ತೀರಿಸಿಕೊಳ್ಳಬಹುದು. ಇಷ್ಟು ವರ್ಷ ಏನೂ ಮಾಡದ ಗಿಡ ಈಗೇಕೆ ಹೀಗೆ ಎಂಬ ನನ್ನ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಬದಲಾದದ್ದು ಗಿಡವಲ್ಲ, ನನ್ನ ಚರ್ಮ.

ಇದನ್ನು ಖಚಿತ ಮಾಡಿದ್ದು ಪ್ಯಾಚ್ ಟೆಸ್ಟ್. ಬೆನ್ನಿನ ಮೇಲೆ ಸಾಲಾಗಿ ಪುಟ್ಟ ಬಿಲ್ಲೆಗಳನ್ನು ಅಂಟಿಸುತ್ತಾರೆ, ಒಂದೊಂದರಲ್ಲಿ ಒಂದೊಂದು ವಸ್ತು. ನಮ್ಮ ದೇಶದಲ್ಲಿ ಬಳಸುವ ಸಾಲಿನಲ್ಲಿ ಪಾರ್ಥೇನಿಯಂ ಇದ್ದೇ ಇರುತ್ತದೆ. 48 ಗಂಟೆ ಬೆನ್ನಿಗೆ ನೀರು ಸೋಕಿಸುವಂತಿಲ್ಲ, ಬೆವರುವಂತಿಲ್ಲ. ಆಮೇಲೆ ತೆಗೆದು ನೋಡುತ್ತಾರೆ, ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ತಡವಾಗಿ ಏಳುವ ಅಲರ್ಜಿಗೆ ತಡವಾಗಿಯೇ ಕಾಯಬೇಕು. ರಕ್ತ ಕೊಟ್ಟು ಸಂಜೆಗೆ ವರದಿ ಪಡೆಯುವ ಅಲರ್ಜಿ ಪರೀಕ್ಷೆಗಳು ಬೇರೆ ಬಗೆಯವು, ಶೀತ, ಉಬ್ಬಸ, ದಡಿಕೆಗಳಿಗೆ ಸಂಬಂಧಿಸಿದವು. ಈ ಗಂದೆಯ ಕಾರಣ ಅದರಲ್ಲಿ ಸಿಗುವುದಿಲ್ಲ. ಹಣ ಖರ್ಚು ಮಾಡುವ ಮೊದಲು ಇದನ್ನು ಕೇಳಿ ತಿಳಿದುಕೊಳ್ಳಿ. ನನ್ನ ಬೆನ್ನಿನಲ್ಲಿ ಪಾರ್ಥೇನಿಯಂ ಇದ್ದ ಜಾಗ ಕೆಂಪಾಗಿ ಸಣ್ಣ ನೀರ್ಗುಳ್ಳೆ ಎದ್ದಿದ್ದವು. ಮಾಚಿಪತ್ರೆಯ ಎಲೆ ಇಟ್ಟ ಜಾಗವೂ ಹಾಗೆಯೇ. ಎಲೆಯನ್ನು ಅರೆದು ಮನೆಯಲ್ಲೇ ಮೈಗೆ ಕಟ್ಟಿ ನೋಡುವ ಸಾಹಸ ಬೇಡ. ಹಸಿ ಎಲೆ ಸುಟ್ಟಂಥ ಗಾಯ ಮಾಡಬಲ್ಲದು, ಇಲ್ಲದ ಅಲರ್ಜಿಯನ್ನೂ ಹುಟ್ಟಿಸಬಲ್ಲದು.

ಮನೆಯಲ್ಲಿ ವಿಷಯ ಹೇಳುವುದು ಪರೀಕ್ಷೆಗಿಂತ ಕಷ್ಟವಿತ್ತು. ಅತ್ತೆಯವರು ಸಿಟ್ಟಾಗಲಿಲ್ಲ, ನೊಂದುಕೊಂಡರು. "ದೇವರಿಗೆ ಏರಿಸೋ ಪತ್ರಿ ಮೈಗೆ ಹೆಂಗ ಕೆಟ್ಟದ್ದು ಮಾಡ್ತದವಾ?" ಎಂದರು. ಔಷಧಿ ಗಿಡ ಎಂದರೆ ಎಲ್ಲರಿಗೂ ಹಿತ ಎಂಬ ನಂಬಿಕೆಯಲ್ಲೇ ನಾವೆಲ್ಲ ಬೆಳೆದವರು. ಗಿಡ ಕೆಟ್ಟದ್ದಲ್ಲ ಎಂಬ ಅವರ ಮಾತನ್ನು ನಾನು ಈಗಲೂ ಒಪ್ಪುತ್ತೇನೆ. ನನ್ನ ನಾದಿನಿ ಅದನ್ನೇ ಮುಡಿದು ಸುಖವಾಗಿದ್ದಾಳೆ. ಆದರೆ ನನಗಾಗಿ ಅತ್ತೆಯವರು ಹುಡುಕಿದ ಔಷಧಿಗಳೇ ಗಂದೆಯನ್ನು ಹಿಡಿದಿಟ್ಟಿದ್ದವೇನೋ ಎಂದು ಡಾಕ್ಟರು ಕೇಳಿದಾಗ ಇಬ್ಬರೂ ಸುಮ್ಮನಾದೆವು. ತಲೆಗೆ ಗರುಗದ ಎಣ್ಣೆ ಹಚ್ಚುತ್ತಿದ್ದರು. ಯಾರೋ ಹೇಳಿದರೆಂದು ಆರ್ನಿಕಾ ಎಣ್ಣೆ ಬಂತು, ಮುಖಕ್ಕೆ ಕ್ಯಾಲೆಂಡುಲಾ ಮುಲಾಮು ಬಂತು. ಎಲ್ಲ ಒಂದೇ ಕುಟುಂಬ. ಕ್ಯಾಮೊಮೈಲ್ ಇರುವ ಕ್ರೀಮುಗಳೂ ಅಷ್ಟೆ. ಈಗ ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದದೆ ಏನನ್ನೂ ಕೊಳ್ಳುವುದಿಲ್ಲ. ಕಾಫಿಗೆ ಬೆರೆಸುವ ಚಿಕೋರಿಯೂ ಇದೇ ಬಳಗದ್ದು ಎಂದು ತಿಳಿದಾಗ ನಿಜಕ್ಕೂ ಗಾಬರಿಯಾಯಿತು. ಡಾಕ್ಟರು ಕೆಲವು ವಾರ ಬಿಟ್ಟು ನೋಡಿ, ಮತ್ತೆ ಕುಡಿದು ನೋಡಿ ಎಂದರು. ನನಗೆ ಕಾಫಿಯಿಂದ ವ್ಯತ್ಯಾಸವೇನೂ ಆಗಲಿಲ್ಲ.

ಔಷಧಿಯ ಬಗ್ಗೆ ಹೆಚ್ಚು ಹೇಳುವ ಅಧಿಕಾರ ನನಗಿಲ್ಲ. ಒಂದನ್ನು ಮಾತ್ರ ಒತ್ತಿ ಹೇಳಬೇಕು. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಕೊಡುವ, ಮೂರು ನಾಲ್ಕು ಔಷಧಿ ಬೆರೆಸಿದ ಟ್ಯೂಬುಗಳಲ್ಲಿ ಬಹಳ ತೀಕ್ಷ್ಣವಾದ ಸ್ಟೆರಾಯಿಡ್ ಇರುತ್ತದೆ. ಹಚ್ಚಿದ ರಾತ್ರಿಯೇ ತುರಿಕೆ ನಿಲ್ಲುತ್ತದೆ, ಅದಕ್ಕೇ ಜನ ಮರುಳಾಗುವುದು. ರೆಪ್ಪೆಯ ಚರ್ಮ ಮೈಯಲ್ಲೆಲ್ಲ ತೆಳುವಾದದ್ದು, ತಿಂಗಳುಗಟ್ಟಲೆ ಅಲ್ಲಿ ಹಚ್ಚಿದರೆ ಚರ್ಮ ಸವೆಯುತ್ತದೆ, ಕಣ್ಣಿಗೂ ಅಪಾಯ. ಯಾವ ಜಾಗಕ್ಕೆ ಎಷ್ಟು ಬಲದ್ದು, ಎಷ್ಟು ದಿನ ಎಂಬುದನ್ನು ಡಾಕ್ಟರೇ ಹೇಳಬೇಕು. ಮೈಯೆಲ್ಲ ಹರಡಿ ವರ್ಷವಿಡೀ ಕಾಡುವವರಿಗೆ ಅಜಥಯೋಪ್ರಿನ್ ಎಂಬ ಮಾತ್ರೆಯಿದೆ. ದೆಹಲಿಯ ಏಮ್ಸ್‌ನ ವೈದ್ಯರು ಅದನ್ನು ಪಾರ್ಥೇನಿಯಂ ರೋಗಿಗಳಲ್ಲಿ ಬಳಸಿ ವರದಿ ಮಾಡಿದ್ದಾರೆ. ಆಗಾಗ ರಕ್ತಪರೀಕ್ಷೆ ಮಾಡಿಸುತ್ತ ತೆಗೆದುಕೊಳ್ಳಬೇಕಾದ ಔಷಧಿ ಅದು. ನನಗೆ ಅದರ ಅಗತ್ಯ ಬೀಳಲಿಲ್ಲ.

ನನಗೆ ಹೆಚ್ಚು ಉಪಕಾರ ಮಾಡಿದ್ದು ದಿನಚರಿ. ಹೊರಗಿನಿಂದ ಬಂದೊಡನೆ ಮುಖ, ಕತ್ತು, ಕೈ ತೊಳೆದು ಬಟ್ಟೆ ಬದಲಿಸುವುದು. ಒಗೆದ ಬಟ್ಟೆಯನ್ನು, ಅದರಲ್ಲೂ ದಿಂಬಿನ ಚೀಲ ಮತ್ತು ಟವೆಲನ್ನು, ಬಯಲಿನ ಕಡೆಯ ಹಗ್ಗಕ್ಕೆ ಹಾಕದೆ ಒಳಗೇ ಒಣಗಿಸುವುದು. ಆ ಕಡೆಯ ಕಿಟಕಿಗೆ ಮಳೆಗಾಲದಿಂದ ಸಂಕ್ರಾಂತಿ ದಾಟುವವರೆಗೆ ರಜೆ. ಸ್ನಾನವಾದ ಕೂಡಲೇ ಘಮವಿಲ್ಲದ ಮಾಯಿಶ್ಚರೈಸರ್. ಮೋಂಡಾ ಮಾರ್ಕೆಟ್ಟಿನಿಂದ ಸೇವಂತಿಗೆಯ ಬದಲು ಮಲ್ಲಿಗೆ, ಕನಕಾಂಬರ ಬರುತ್ತವೆ. ಬತುಕಮ್ಮ ಜೋಡಿಸಲು ನೆರೆಯವರು ಕರೆದಾಗ ಹೋಗುತ್ತೇನೆ. ಬಂತಿ, ಚಾಮಂತಿ, ಅಂದರೆ ನಮ್ಮ ಚೆಂಡುಹೂವು, ಸೇವಂತಿಗೆ, ಅವರು ಜೋಡಿಸುತ್ತಾರೆ, ನನ್ನ ಪಾಲಿಗೆ ತಂಗೇಡು ಮತ್ತು ಗುನುಗು. ಅವೆರಡೂ ಬೇರೆ ಕುಟುಂಬದವು.

ಚತುರ್ಥಿಯ ತೊಡಕನ್ನು ಬಿಡಿಸಿದ್ದು ಅತ್ತೆಯವರೇ. ಸಿಗದ ಪತ್ರೆಯ ಜಾಗದಲ್ಲಿ ಗರಿಕೆ ಏರಿಸುವುದು ಅವರ ತವರಿನಲ್ಲಿ ಮೊದಲಿನಿಂದ ಇದ್ದ ರೂಢಿಯಂತೆ. ಆ ವರ್ಷದಿಂದ ನಮ್ಮ ಮನೆಯ ಗಣಪನಿಗೆ ಗರಿಕೆಯೇ ಮೊದಲು. ಮಾಚಿಪತ್ರೆ, ದವನ, ಸೇವಂತಿಗೆಯ ಕುಂಡಗಳು ನಾದಿನಿಯ ಮನೆಗೆ ಹೋದವು. ತುಳಸಿ, ದೊಡ್ಡಪತ್ರೆ ಇಲ್ಲೇ ಇವೆ, ಅವು ಈ ಬಳಗಕ್ಕೆ ಸೇರಿದವಲ್ಲ. ಅಲರ್ಜಿ ಎಂದೊಡನೆ ಇಡೀ ಕೈತೋಟ ಕಿತ್ತೆಸೆಯುವವರನ್ನು ಕಂಡಿದ್ದೇನೆ, ಸಂಕಟವಾಗುತ್ತದೆ.

ಉಳಿದದ್ದು ಬಯಲು. ಅದನ್ನು ಬಿಟ್ಟು ಕುಂಡ ಮಾತ್ರ ಸಾಗಿಸಿದ್ದರೆ ಅರ್ಧ ಕೆಲಸವೂ ಆಗುತ್ತಿರಲಿಲ್ಲ. ಕಾಂಗ್ರೆಸ್ ಗಿಡವನ್ನು ನಮ್ಮ ದೇಶದಲ್ಲಿ ಕಳೆಯಾಗಿ ಗುರುತಿಸಿದ್ದು 1955ರಲ್ಲಿ, ಪುಣೆಯಲ್ಲಿ. ಅದನ್ನು ತಿನ್ನುವ ಮೆಕ್ಸಿಕೋದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಇದರ ಹತೋಟಿಗೆಂದೇ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆದದ್ದು 1997ರಲ್ಲಿ ನಮ್ಮ ಅತ್ತೆಯವರ ಧಾರವಾಡದಲ್ಲೇ, ಕೃಷಿ ವಿಶ್ವವಿದ್ಯಾಲಯದಲ್ಲಿ. ಅದರ ಹಿಂದೆ ದುಡಿದ ಡಾ. ಎಂ. ಮಹದೇವಪ್ಪನವರು ಕ್ಯಾಸಿಯಾ ಸೆರಿಸಿಯಾ ಎಂಬ, ತಗಚೆಯ ಬಳಗದ ಗಿಡ ಬಿತ್ತಿ ಇದನ್ನು ಅಡಗಿಸುವ ದಾರಿಯನ್ನು ಪ್ರಚಾರ ಮಾಡಿದವರು.

ನಮ್ಮ ಕಾಲೊನಿಯಲ್ಲಿ ಅಷ್ಟು ದೊಡ್ಡದೇನೂ ನಡೆದಿಲ್ಲ. ಮೊದಲ ಮಳೆಯಾಗಿ ನೆಲ ಮೆತ್ತಗಿರುವಾಗ, ಹೂ ಬಿಡುವ ಮೊದಲೇ, ಒಂದು ಭಾನುವಾರ ಬೇರುಸಹಿತ ಕೀಳುತ್ತಾರೆ. ಮೊಳೆತು ತಿಂಗಳೊಳಗೆ ಹೂ ಬಿಡುವ, ಒಂದೊಂದೇ ಸಾವಿರಾರು ಬೀಜ ಚೆಲ್ಲುವ ಗಿಡಕ್ಕೆ ದಸರೆಯವರೆಗೆ ಕಾಯುವುದರಲ್ಲಿ ಅರ್ಥವಿಲ್ಲ. ಕೈಗವಸು, ತುಂಬುತೋಳಿನ ಅಂಗಿ, ಮೂಗಿಗೆ ಬಟ್ಟೆ ಎಲ್ಲರಿಗೂ ಕಡ್ಡಾಯ. ಕಿತ್ತದ್ದನ್ನು ಸುಡದೆ ಗುಂಡಿಗೆ ಹಾಕುತ್ತಾರೆ. ಗಂದೆ ಇರುವವರು ಆ ದಿನ ಬಯಲಿಗೆ ಇಳಿಯಬಾರದೆಂಬುದು ನಾನೇ ಹಟ ಹಿಡಿದು ಬರೆಸಿದ ನಿಯಮ. ಕೀಳುವವರಿಗೆ ಉಪ್ಪಿಟ್ಟು, ಕಾಫಿ ನಮ್ಮ ಮನೆಯಿಂದ ಹೋಗುತ್ತದೆ.