ಶರಣರ ದೃಷ್ಟಿಯಲ್ಲಿ ಅರಸುತನ

ಕಾವ್ಯದಲ್ಲಿ ಅರಸನು ಹೇಗೆ ಕಾಣುತ್ತಾನೆಂಬುದು ಕವಿಯು ಎಲ್ಲಿ ನಿಂತು ನೋಡಿದನೆಂಬುದನ್ನು ಅವಲಂಬಿಸಿದೆ. ಸಿಂಹಾಸನದ ಪಕ್ಕದಲ್ಲಿ ನಿಂತವನಿಗೆ ಕಿರೀಟದ ಕಾಂತಿ ಕಾಣುತ್ತದೆ. ಬಾಗಿಲಲ್ಲಿ ನಿಂತವನಿಗೆ ದ್ವಾರಪಾಲಕನ ಕೋಲು ಕಾಣುತ್ತದೆ. ನಮ್ಮ ಶರಣರು ಎಲ್ಲಿ ನಿಂತು ನೋಡಿದರು, ಅವರ ನೋಟದಿಂದ ಗೃಹಸ್ಥರಾದ ನಾವು ಕಲಿಯತಕ್ಕದ್ದೇನು ಎಂಬುದನ್ನು ಇಲ್ಲಿ ವಿಚಾರಿಸೋಣ.

ಪಂಪ ಮಹಾಕವಿಯು 941ರಲ್ಲಿ ರಚಿಸಿದ ವಿಕ್ರಮಾರ್ಜುನ ವಿಜಯದಲ್ಲಿ ತನಗೆ ಆಶ್ರಯವಿತ್ತ ಅರಿಕೇಸರಿಯನ್ನೇ ಅರ್ಜುನನೊಡನೆ ಅಭೇದವಾಗಿ ವರ್ಣಿಸಿದನು. ರನ್ನನು ಗದಾಯುದ್ಧದಲ್ಲಿ ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಹೊಂದಿಸಿದನು. ಅನ್ನವಿತ್ತವನ ಋಣವನ್ನು ಕಾವ್ಯದಿಂದ ತೀರಿಸುವುದು ಅಂದಿನ ಮರ್ಯಾದೆ, ಅದನ್ನು ನಿಂದಿಸತಕ್ಕದ್ದಲ್ಲ. ಆದರೆ ಅಲ್ಲಿ ಅರಸನೇ ನಡುಗಂಬ. ಮಿಕ್ಕವರೆಲ್ಲ ಅವನನ್ನು ಸುತ್ತಿದ ಬಳ್ಳಿಗಳು.

ವಚನಗಳಲ್ಲಿ ಈ ಕ್ರಮ ತಿರುಗುಮುರುಗಾಯಿತು. 1162ರ ಹೊತ್ತಿಗೆ ಚಾಲುಕ್ಯರ ಸಿಂಹಾಸನವನ್ನು ತನ್ನದಾಗಿಸಿಕೊಂಡಿದ್ದ ಕಳಚುರಿ ಬಿಜ್ಜಳನ ಹೆಸರು ಬಸವಣ್ಣನವರ ವಚನಗಳಲ್ಲಿ ಬರುತ್ತದೆ. ಆದರೆ ಅಲ್ಲಿ ಅವನ ಪರಾಕ್ರಮದ ವರ್ಣನೆಯಿಲ್ಲ, ಬಿರುದಾವಳಿಯಿಲ್ಲ. ವಚನಕಾರನ ಕಣ್ಣು ಅರಸನ ಮೇಲಲ್ಲ. ಅರಸನ ಮುಂದೆ ನಿಂತ ಭಕ್ತನ ಅಂತರಂಗದ ಮೇಲೆ. ಇವನು ಹೆದರಿದನೋ? ಆಸೆಪಟ್ಟನೋ? ಲಿಂಗನಿಷ್ಠೆಯಲ್ಲಿ ಸಡಿಲಿದನೋ? ಶರಣರು ಕೇಳುವ ಪ್ರಶ್ನೆಗಳು ಇವೇ.

ಇಲ್ಲಿ ಒಂದು ಸಂದೇಹ ಹುಟ್ಟುತ್ತದೆ. ಅರಸುತನವು ಅಷ್ಟು ಅಲ್ಪವಾದರೆ ಬಸವಣ್ಣನವರು ಬಿಜ್ಜಳನಲ್ಲಿ ಭಂಡಾರಿಗಳಾಗಿ ಇದ್ದುದೇಕೆ? ಈ ಆಕ್ಷೇಪ ಇಂದಿನದಲ್ಲ, ಅಂದೇ ಎದ್ದಿತ್ತು. ಭವಿಯ ಗದ್ದುಗೆಯ ಕೆಳಗೆ ಕುಳಿತು ಓಲೈಸುತ್ತಾನೆಂಬ ಮಾತನ್ನು ಬಸವಣ್ಣನವರು ಮರೆಮಾಚಲಿಲ್ಲ. ತಮ್ಮ ವಚನದಲ್ಲಿಯೇ ಅದನ್ನು ಎತ್ತಿಕೊಂಡು ಉತ್ತರ ಕೊಟ್ಟರು. ತಾವು ದುಡಿಯುವುದು ಒಡಲಿಗಾಗಿ ಅಲ್ಲ, ಲಿಂಗಜಂಗಮಕ್ಕಾಗಿ ಎಂಬುದು ಆ ಉತ್ತರದ ತಾತ್ಪರ್ಯ. ಭಂಡಾರದ ಹಣವನ್ನು ದಾಸೋಹಕ್ಕೆ ವೆಚ್ಚ ಮಾಡಿದನೆಂಬ ದೂರು ಬಂದು ಲೆಕ್ಕವನ್ನು ಶೋಧಿಸಲಾಗಿ ಎಲ್ಲವೂ ಸರಿಯಾಗಿತ್ತೆಂದು ಪುರಾಣಗಳು ಹೇಳುತ್ತವೆ. ಈ ಕಥೆಯಲ್ಲಿ ಪವಾಡವನ್ನು ಕಾಣುವವರು ಕಾಣಲಿ. ಅಧಿಕಾರದಲ್ಲಿದ್ದವನ ಲೆಕ್ಕ ಯಾವ ಗಳಿಗೆಯಲ್ಲಿ ನೋಡಿದರೂ ಸರಿಯಾಗಿರಬೇಕೆಂಬ ನೀತಿಯನ್ನು ಎಲ್ಲರೂ ಕಾಣಬಹುದು.

ಇನ್ನೊಂದು ದಾರಿ ತ್ಯಾಗದ್ದು. ಹರಿಹರನ ರಗಳೆಯಂತೆ ಮಹಾದೇವಿಯಕ್ಕನು ಕೌಶಿಕನು ಒಪ್ಪಂದವನ್ನು ಮುರಿದೊಡನೆ ಅರಮನೆಯನ್ನು ಬಿಟ್ಟು ನಡೆದಳು. ಕಾಶ್ಮೀರದ ಅರಸನೆಂದು ಪ್ರತೀತಿಯುಳ್ಳ ಮೋಳಿಗೆಯ ಮಾರಯ್ಯನು ಕಲ್ಯಾಣದಲ್ಲಿ ಕಟ್ಟಿಗೆ ಹೊತ್ತು ಮಾರಿ ದಾಸೋಹ ನಡೆಸಿದನು. ಒಬ್ಬರು ಅರಮನೆಯಲ್ಲಿ ಉಳಿದರು, ಇಬ್ಬರು ಬಿಟ್ಟು ಹೊರಟರು; ದಾರಿ ಬೇರೆಯಾದರೂ ಅಳೆಯುವ ಕೋಲು ಒಂದೇ. ಅಧಿಕಾರವು ಶಿವಪಥಕ್ಕೆ ಸೇವಕನಾಗಿರುವ ತನಕ ಇರಲಿ, ಒಡೆಯನಾಗ ಹೊರಟಾಗ ಬಿಡತಕ್ಕದ್ದು.

ಈ ನಿಷ್ಠೆಯೇ ಮುಂದೆ ಕಾವ್ಯಕ್ಕೂ ಇಳಿಯಿತು. ಹೊಯ್ಸಳರ ದೋರಸಮುದ್ರದಲ್ಲಿ ಕರಣಿಕನಾಗಿದ್ದನೆಂದು ಹೇಳಲಾಗುವ ಹರಿಹರನು ಆ ಉದ್ಯೋಗವನ್ನು ತೊರೆದು ಹಂಪೆಯ ವಿರೂಪಾಕ್ಷನನ್ನು ಸೇರಿ, ನರಸ್ತುತಿ ಮಾಡೆನೆಂದು ನಿಂತನು. ಅಳಿಯನಾದ ರಾಘವಾಂಕನು ಹರಿಶ್ಚಂದ್ರನನ್ನು ಕುರಿತು ಬರೆದಾಗ ಮಾವನು ಮುನಿದನೆಂಬ ಐತಿಹ್ಯವುಂಟು. ಆದರೆ ವಿಚಾರಿಸಿ ನೋಡಿದರೆ, ಆ ಕಾವ್ಯದ ಅರಸನು ದೊಡ್ಡವನಾಗುವುದು ಸಿಂಹಾಸನದ ಮೇಲಲ್ಲ. ರಾಜ್ಯವನ್ನು ಕಳೆದುಕೊಂಡು ಸುಡುಗಾಡನ್ನು ಕಾಯುವಾಗ. ಮಾವನ ನಿಷ್ಠೆಯನ್ನು ಅಳಿಯನು ಬೇರೊಂದು ಬಗೆಯಲ್ಲಿ ನಡೆಸಿದನೆಂದೇ ಹೇಳಬೇಕು.

ಬಿಜ್ಜಳನ ಚಿತ್ರವನ್ನು ಓದುವಾಗಲೂ ಎಚ್ಚರ ಬೇಕು. ಹರಳಯ್ಯ ಮಧುವರಸರಿಗೆ ಘೋರ ಶಿಕ್ಷೆ ಕೊಟ್ಟ ಕ್ರೂರಿಯಾಗಿ ಅವನು ನಮ್ಮ ಪರಂಪರೆಯಲ್ಲಿ ಕಾಣುತ್ತಾನೆ. ಜೈನರ ಬಿಜ್ಜಳರಾಯಚರಿತೆಯಲ್ಲಿ ಅವನ ರೂಪವೇ ಬೇರೆ. ಎರಡನ್ನೂ ಓದಿದವನು ವಿವೇಕಿ. ಅರಸನನ್ನು ದ್ವೇಷಿಸುವುದು ಶರಣಧರ್ಮವಲ್ಲ. ಅರಸನಿಗಿಂತ ಮಿಗಿಲಾದುದೊಂದುಂಟೆಂದು ಮರೆಯದಿರುವುದು ಶರಣಧರ್ಮ.

ಇದಕ್ಕೆ ದೃಷ್ಟಾಂತವನ್ನು ದೂರ ಅರಸಬೇಕಾಗಿಲ್ಲ. ನಮ್ಮ ಚಿಕ್ಕಬಳ್ಳಾಪುರ ಸೀಮೆಯ ಕಳವಾರದುರ್ಗದ ನೆತ್ತಿಯಲ್ಲಿ ಕೋಟೆಯ ಗೋಡೆಗಳು ಪಾಳುಬಿದ್ದಿವೆ. ಸಮೀಪದ ನಂದಿಗ್ರಾಮದ ಭೋಗನಂದೀಶ್ವರನಿಗೆ ಇಂದಿಗೂ ಪೂಜೆ ನಡೆಯುತ್ತಿದೆ. ಒಂಬತ್ತನೆಯ ಶತಮಾನದ ಬಾಣ ಅರಸಿ ರತ್ನಾವಳಿಯ ಹೆಸರು ಆ ದೇಗುಲದೊಡನೆ ಉಳಿದಿದೆ. ಕಾವಲಿಗಾಗಿ ಕಟ್ಟಿದ್ದು ಕುಸಿಯಿತು, ಅರ್ಪಿಸಿದ್ದು ನಿಂತಿತು.

ಇಂದು ಅರಸರಿಲ್ಲ. ಆದರೆ ಅರಸುತನವು ಹೋಗಿದೆಯೇ? ಮನೆಯ ಯಜಮಾನನಲ್ಲಿ, ಹೊಲದ ಒಡೆಯನಲ್ಲಿ, ಪಂಚಾಯಿತಿಯ ಸದಸ್ಯನಲ್ಲಿ, ಶಾಲೆಯ ಉಪಾಧ್ಯಾಯನಲ್ಲಿ, ಮಠದ ಆಡಳಿತ ನೋಡುವವರಲ್ಲಿಯೂ ಅದು ಹಂಚಿಹೋಗಿದೆ. ಕೈಯಲ್ಲಿ ಬೀಗದ ಕೈಯಿರುವ ಪ್ರತಿಯೊಬ್ಬನೂ ಒಂದು ಸಣ್ಣ ಭಂಡಾರಿಯೇ. ಬಿಜ್ಜಳನನ್ನು ಹಳಿಯುವುದು ಸುಲಭ. ಮನೆಯ ಸೊಸೆಯ ಮುಂದೆ, ಹೊಲದ ಆಳಿನ ಮುಂದೆ ತಾನೇ ಬಿಜ್ಜಳನಾಗದಿರುವುದು ಕಷ್ಟ. ಆದುದರಿಂದ ಭಕ್ತರು ಲಿಂಗಪೂಜೆಯ ಅನಂತರ ಒಂದು ಕ್ಷಣ ತಮ್ಮನ್ನು ತಾವೇ ಕೇಳಿಕೊಳ್ಳಲಿ: ನನ್ನ ವಶದಲ್ಲಿರುವುದನ್ನು ನನ್ನದೆಂದು ಬಗೆದೆನೋ, ಒಡೆಯನದೆಂದು ಕಾದೆನೋ? ಈ ಪ್ರಶ್ನೆಗೆ ನಿರ್ಮಲವಾಗಿ ಉತ್ತರ ಕೊಡಬಲ್ಲವನ ಮನೆಯೇ ಮಹಾಮನೆ.